ಇನ್ಸ್‌ಪೆಕ್ಷನ್‌ಗೆ ಬಂದವರು ಪರದೆ ಸರಿಸಿದಾಗ ಒಳಗೆ ನಾನಿದ್ದೆ

ನವನಗರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಮನೆಯಲ್ಲಿ ಅವ್ವನ ಹತ್ತಿರ ಮಾತ್ರ ಹೇಳಿದ್ದೆ.

ನನಗೆ 41 ವರ್ಷ. ಗರ್ಭಚೀಲದಲ್ಲಿ ಗಡ್ಡೆ ಇದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತೇನೆ. ನಾನು ಹೋಗುವುದು ಹುಬ್ಬಳ್ಳಿಯ ಒಂದು ಸಣ್ಣ ಖಾಸಗಿ ದವಾಖಾನೆಗೆ. ಹೆಣ್ಣುಮಕ್ಕಳದ್ದೇ ದವಾಖಾನೆ, ಡಾಕ್ಟರೂ ಒಳ್ಳೆಯವರು. ಅವತ್ತು ಒಳಗಿನಿಂದ ಮಾಡುವ ಸ್ಕ್ಯಾನ್ ಇತ್ತು. ಮಾಡಿಸಿಕೊಂಡವರಿಗೆ ಗೊತ್ತು ಹೇಗೆ ಮಲಗಿರಬೇಕು ಅಂತ. ಅರ್ಧ ಆಗಿತ್ತು. ಬಾಗಿಲು ತೆಗೆದ ಸದ್ದಾಯಿತು, ಪರದೆ ಸರಿಯಿತು. ಇಬ್ಬರು ಗಂಡಸರು, ಒಬ್ಬ ಹೆಣ್ಣುಮಗಳು. ಕೈಯಲ್ಲಿ ಫೈಲು. "ಇನ್ಸ್‌ಪೆಕ್ಷನ್ ಇದೆ ಮೇಡಂ, ಮಷಿನ್ ನಂಬರ್ ನೋಡಬೇಕು" ಅಂದರು.

ಡಾಕ್ಟರು ತಕ್ಷಣ ಎದ್ದು ಅಡ್ಡ ನಿಂತರು, ಹೊದಿಕೆ ಎಳೆದರು. ಆದರೂ ಅವರು ಹೊರಗೆ ಹೋಗಲಿಲ್ಲ. ಮಷಿನ್ ಹಿಂದೆ ಬಗ್ಗಿ ನಂಬರ್ ಬರೆದುಕೊಂಡರು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಬಹುಶಃ ಎರಡು ನಿಮಿಷ ಇರಬಹುದು.

ಹೊರಗೆ ಬಂದರೆ ಇನ್ನೊಂದು. ಕೌಂಟರಿನಲ್ಲಿ ರಿಜಿಸ್ಟರ್ ತೆರೆದು ಒಬ್ಬರು ಓದುತ್ತಿದ್ದಾರೆ, ಇನ್ನೊಬ್ಬರು ಟಿಕ್ ಮಾಡುತ್ತಿದ್ದಾರೆ. ಹೆಸರು, ವಯಸ್ಸು, ಊರು, ಯಾಕೆ ಬಂದಿದ್ದು, ಎಲ್ಲ ಗಟ್ಟಿಯಾಗಿ. ಬೆಂಚಿನಲ್ಲಿ ಹನ್ನೆರಡು ಜನ ಕೂತು ಕೇಳುತ್ತಿದ್ದೆವು. ನಮ್ಮ ಶಾಲೆಯ ಹತ್ತಿರದ ಓಣಿಯ ಒಂದು ಹುಡುಗಿಯ ಹೆಸರೂ ಬಂತು.

ತಪಾಸಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಐದು ವರ್ಷದ ಹಿಂದೆ ನನ್ನ ತಂಗಿಗೆ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆಗಿ ರಕ್ತ ನಿಲ್ಲಲಿಲ್ಲ. ಅಲ್ಲಿ ರಾತ್ರಿ ರಕ್ತದ ವ್ಯವಸ್ಥೆಯೇ ಇರಲಿಲ್ಲ. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಒಯ್ದೆವು. ದೇವರ ದಯೆ, ಉಳಿದಳು. ಆ ನರ್ಸಿಂಗ್ ಹೋಮಿನ ಗೋಡೆ ಮೇಲೆ ಎಲ್ಲ ಸರ್ಟಿಫಿಕೇಟೂ ಇದ್ದವು. ಹಾಗಾದರೆ ಇನ್ಸ್‌ಪೆಕ್ಷನ್‌ನವರು ಏನು ನೋಡುತ್ತಾರೆ? ಯಾರು ಬರುತ್ತಾರೆ, ಯಾವ ಕಾನೂನಿನಲ್ಲಿ ಬರುತ್ತಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಗದಗದಿಂದ ನಿವೃತ್ತ ನೌಕರ

ತಂಗಿ, ಮೊದಲು ಕ್ಷಮಿಸು. ಆ ತಂಡದಲ್ಲಿ ನಾನಿರಲಿಲ್ಲ. ಆದರೆ ಆರೋಗ್ಯ ಇಲಾಖೆಯಲ್ಲಿದ್ದಾಗ ಅಂಥ ತಂಡಗಳ ಜೊತೆ ಬಹಳ ಓಡಾಡಿದ್ದೇನೆ. ರೋಗಿ ಇರುವಾಗ ಒಳಗೆ ಹೋಗಬಾರದು ಅಂತ ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನಾವಾಗಿಯೇ ತಿಳಿದುಕೊಳ್ಳಬೇಕಿತ್ತು.

ನೀನು ಕೇಳಿದ್ದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ. ಹೆಣ್ಣುಮಕ್ಕಳ ಒಂದು ದವಾಖಾನೆ ಮೇಲೆ ಒಂದೇ ಕಾನೂನು ಇಲ್ಲ, ನಾಲ್ಕೈದು ಇವೆ. ದವಾಖಾನೆ ನಡೆಸುವುದಕ್ಕೇ ಬೇಕಾದದ್ದು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಅದು ನಮ್ಮ ರಾಜ್ಯದ 2007ರ ಕಾಯ್ದೆ. 2017ರಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಡಾಕ್ಟರುಗಳು ಮುಷ್ಕರ ಮಾಡಿದ್ದು ನೆನಪಿರಬೇಕು. ಆಗ ತಿದ್ದುಪಡಿ ಆಗಿದ್ದು ಇದೇ ಕಾಯ್ದೆ. ಇದರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಡಿಎಚ್ಓ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ, ಸದಸ್ಯ ಕಾರ್ಯದರ್ಶಿ. ದರಪಟ್ಟಿ ಹಾಕಿದ್ದಾರಾ, ರೋಗಿಗಳ ಹಕ್ಕಿನ ಪಟ್ಟಿ ಇದೆಯಾ, ಎಷ್ಟು ಸಿಬ್ಬಂದಿ, ಇವೆಲ್ಲ ಇದರಲ್ಲಿ ಬರುತ್ತವೆ.

ಗರ್ಭಪಾತ ಮಾಡುವ ಜಾಗಕ್ಕೆ ಎಂಟಿಪಿ ಕಾಯ್ದೆಯಲ್ಲಿ ಬೇರೆ ಮಾನ್ಯತೆ ಬೇಕು. ಸೂಜಿ, ರಕ್ತ ತಾಗಿದ ಹತ್ತಿ, ಮಾಸು, ಈ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು.

ನಿನ್ನ ಕೋಣೆಗೆ ನುಗ್ಗಿದವರು ಬಂದಿದ್ದು ಸ್ಕ್ಯಾನಿಂಗ್ ಕಾಯ್ದೆಯಲ್ಲಿ, ಅಂದರೆ ಪಿಸಿಪಿಎನ್‌ಡಿಟಿ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದದ್ದು. ನೋಂದಣಿ ಆದ ಪ್ರತಿ ಕೇಂದ್ರವನ್ನೂ 90 ದಿನಕ್ಕೊಮ್ಮೆ ನೋಡಬೇಕು ಅಂತ ನಿಯಮ. ಮಷಿನ್ ಮೇಲಿನ ನಂಬರೂ ಸರ್ಟಿಫಿಕೇಟಿನ ನಂಬರೂ ತಾಳೆ ಆಗಬೇಕು. ಆದರೆ ಆ ನಂಬರ್ ಎಲ್ಲಿಗೂ ಓಡಿ ಹೋಗುವುದಿಲ್ಲ. ನಿನ್ನ ಸ್ಕ್ಯಾನ್ ಮುಗಿಯುವ ತನಕ ಹೊರಗೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಮಾತು. ಈ ಕಾಯ್ದೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರ ಹೆಸರು, ವಿಳಾಸ, ಕಾರಣ ಬರೆಯುವ ಫಾರಂ ಎಫ್ ಅಂತ ಒಂದಿದೆ. ಅದನ್ನು ಬರೆಯುವುದು ಗರ್ಭಿಣಿಯರ ಸ್ಕ್ಯಾನಿಗೆ ಮಾತ್ರ. ಗಡ್ಡೆಗೆ ಬಂದ ನಿನ್ನ ಹೆಸರನ್ನು ಅವರು ಕೇಳುವ ಅಗತ್ಯವೇ ಇರಲಿಲ್ಲ.

ಬ್ಯಾಡಗಿ ಕಡೆಯ ಡಾಕ್ಟರ್

ನಾನು ಹೆರಿಗೆ ಡಾಕ್ಟರ್. ನನ್ನದು ಸಣ್ಣ ನರ್ಸಿಂಗ್ ಹೋಮ್, ಹತ್ತು ಹಾಸಿಗೆ. ಶಿಕ್ಷಕಿ ಅಕ್ಕನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನಲ್ಲೂ ಒಮ್ಮೆ ಹೀಗೇ ಒಳಗೆ ಬಂದಿದ್ದರು. ನಾನು "ಐದು ನಿಮಿಷ ಹೊರಗೆ ಕೂಡ್ರಿ" ಅನ್ನುವ ಧೈರ್ಯ ಮಾಡಲಿಲ್ಲ. ಹಾಗಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಬರೆದುಕೊಳ್ಳುತ್ತಾರೆ ಅನ್ನೋ ಭಯ.

ಆ ಭಯ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ಫಾರಂ ಎಫ್‌ನಲ್ಲಿ ಒಂದು ಕಡೆ ಖಾಲಿ ಬಿಟ್ಟರೂ, ತಪ್ಪು ಬರೆದರೂ ಅದು ಕಾನೂನಿನ ಕಣ್ಣಲ್ಲಿ ಅಪರಾಧ. ತಪ್ಪು ಮಾಡಿಲ್ಲ ಅಂತ ತೋರಿಸುವ ಹೊಣೆ ಡಾಕ್ಟರ ಮೇಲೆ. ಮೊದಲ ಸಲವೇ ಮೂರು ವರ್ಷದ ತನಕ ಜೈಲು ಆಗಬಹುದು. ನಮ್ಮ ಹೆರಿಗೆ ತಜ್ಞರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ಮೇ ತಿಂಗಳಲ್ಲಿ ಕೋರ್ಟ್ ಒಪ್ಪಲಿಲ್ಲ. ಈ ಫಾರಂ ಬರೀ ಗುಮಾಸ್ತರ ಕೆಲಸ ಅಲ್ಲ, ಕಾಯ್ದೆಯ ಬೆನ್ನೆಲುಬೇ ಅದು ಅನ್ನೋ ಅರ್ಥದಲ್ಲಿ ತೀರ್ಪು ಬಂತು. ತೀರ್ಪಿಗೆ ನಾನು ತಲೆಬಾಗುತ್ತೇನೆ. ಆದರೆ ನಮ್ಮೂರ ಕಷ್ಟ ಕೇಳಿ. ಮೆಣಸಿನಕಾಯಿ ಸೀಸನ್ನಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಬೇರೆ ಬೇರೆ ಊರಿನ ಹೆಣ್ಣುಮಕ್ಕಳು ಬರುತ್ತಾರೆ. ಐದು ತಿಂಗಳ ಬಸುರಿ, ಹೊಟ್ಟೆ ನೋವು ಅಂತ ಬರುತ್ತಾಳೆ. ಕೈಯಲ್ಲಿ ಆಧಾರ್ ಇಲ್ಲ. ವಿಳಾಸ ಕೇಳಿದರೆ "ಗೋಡೌನ್ ಹಿಂದಿನ ಶೆಡ್ಡು" ಅನ್ನುತ್ತಾಳೆ. ಫಾರಂ ಸರಿ ಆಗುವುದಿಲ್ಲ ಅಂತ ವಾಪಸ್ ಕಳಿಸಲಾ? ನಾನು ಕಳಿಸಿಲ್ಲ. ಶೆಡ್ಡು ಅಂತಲೇ ಬರೆದಿದ್ದೇನೆ, ಮೇಸ್ತ್ರಿಯ ಫೋನ್ ನಂಬರ್ ಹಾಕಿದ್ದೇನೆ. ತಂಡ ಬಂದಾಗ ಎದೆ ಹೊಡೆದುಕೊಳ್ಳುತ್ತದೆ.

ನನ್ನ ಹೆರಿಗೆ ಕೋಣೆಯಲ್ಲಿ ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ ಅಂತ ಈ ಹತ್ತು ವರ್ಷದಲ್ಲಿ ಒಬ್ಬರೂ ಗೇಜ್ ತಿರುಗಿಸಿ ನೋಡಿಲ್ಲ. ಇದು ಸತ್ಯ.

ಧಾರವಾಡದ ಸಿಸ್ಟರ್

ಡಾಕ್ಟರ್ ಮೇಡಂ ಹೇಳಿದ ಕೊನೆಯ ಮಾತಿಗೆ ನಾನು ಸಾಕ್ಷಿ. 14 ವರ್ಷದಿಂದ ಹೆರಿಗೆ ಕೋಣೆಯಲ್ಲಿದ್ದೇನೆ. ಮೂರು ಕಡೆ ಕೆಲಸ ಮಾಡಿದ್ದೇನೆ, ಹೆಸರು ಬೇಡ.

ಒಂದು ಕಡೆ ಹೀಗಿತ್ತು. ಇನ್ಸ್‌ಪೆಕ್ಷನ್ ಯಾವಾಗ ಅಂತ ಹೇಗೋ ಮೊದಲೇ ಗೊತ್ತಾಗುತ್ತಿತ್ತು. ಹಿಂದಿನ ರಾತ್ರಿ ನಾವೆಲ್ಲ ತೊಳೆಯುವುದು, ಒರೆಸುವುದು. ಹಳದಿ, ಕೆಂಪು, ನೀಲಿ ಬಕೆಟುಗಳಿಗೆ ಹೊಸ ಚೀಲ. ಸೂಜಿ ಹಾಕುವ ಬಿಳಿ ಡಬ್ಬ ಕಪಾಟಿನಿಂದ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಇಬ್ಬರು ಹೊಸ ಸಿಸ್ಟರ್‌ಗಳು ಯೂನಿಫಾರ್ಮ್ ಹಾಕಿಕೊಂಡು ನಿಂತಿರುತ್ತಿದ್ದರು. ಸರ್ಟಿಫಿಕೇಟ್ ಇದ್ದವರು ಅವರು. ಸಂಜೆಗೆ ಹೋಗಿಬಿಡುತ್ತಿದ್ದರು. ಉಳಿದ ದಿನ ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ. ನನ್ನ ಜೊತೆ ಹತ್ತನೇ ಕ್ಲಾಸ್ ಓದಿದ ಒಬ್ಬ ಹುಡುಗಿ. ಬಹಳ ಚುರುಕು, ಆದರೆ ತರಬೇತಿ ಇಲ್ಲ. ಹೆರಿಗೆ ಆದ ಕೂಡಲೆ ಕೊಡುವ ಇಂಜೆಕ್ಷನ್ ಅವಳ ಕೈಗೆ ಕೊಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಆ ಇಂಜೆಕ್ಷನ್ ಬಗ್ಗೆ ಹೇಳಬೇಕು. ಆಕ್ಸಿಟೋಸಿನ್ ಅಂತಾರೆ. ಹೆರಿಗೆ ಆದ ಮೇಲೆ ಗರ್ಭಚೀಲ ಗಟ್ಟಿಯಾಗಿ ರಕ್ತ ನಿಲ್ಲಲು ಕೊಡುವುದು. ಅದು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಫ್ರಿಜ್ ಕೆಟ್ಟಿದ್ದರೆ, ಇಲ್ಲ ಕರೆಂಟ್ ಹೋಗಿ ಹೊರಗೇ ಉಳಿದರೆ ಅದರ ಶಕ್ತಿ ಕಡಿಮೆ ಆಗುತ್ತದೆ. ನೋಡಲು ಬಾಟಲಿ ಹಾಗೇ ಇರುತ್ತದೆ. ಕೊಟ್ಟಿದ್ದೇವೆ ಅಂತ ನಾವು ಅಂದುಕೊಂಡಿರುತ್ತೇವೆ, ರಕ್ತ ನಿಲ್ಲುವುದಿಲ್ಲ. ಶಿಕ್ಷಕಿ ಅಕ್ಕ, ನಿಮ್ಮ ತಂಗಿಗೆ ಯಾಕೆ ಹಾಗಾಯಿತೋ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಬರಹ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಫ್ರಿಜ್ಜು. ಅದರಲ್ಲಿ ಊಟದ ಡಬ್ಬಿಯನ್ನೂ ಇಡುತ್ತಿದ್ದರು.

ನನ್ನ ಬೇಡಿಕೆ ಇಷ್ಟೇ. ಬರುವವರು ಹಗಲು 11 ಗಂಟೆಗೆ ಬರಬೇಡಿ. ರಾತ್ರಿ 11ಕ್ಕೆ ಬನ್ನಿ. ಯಾರಿದ್ದಾರೆ, ಎಷ್ಟು ಜನ ಇದ್ದಾರೆ ನೋಡಿ. ಫ್ರಿಜ್ ಬಾಗಿಲು ತೆಗೆದು ಥರ್ಮಾಮೀಟರ್ ಇದೆಯಾ ನೋಡಿ. ಫಿಟ್ಸ್ ಬಂದ ಬಸುರಿಗೆ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಎಲ್ಲಿದೆ ಅಂತ ಡ್ಯೂಟಿಯಲ್ಲಿರುವ ಹುಡುಗಿಯನ್ನೇ ಕೇಳಿ. ಡಾಕ್ಟರನ್ನು ಕೇಳಬೇಡಿ. ಅವಳು ಒಂದು ನಿಮಿಷದಲ್ಲಿ ತಂದು ಕೊಟ್ಟರೆ ಆ ದವಾಖಾನೆ ನಡೆಯುತ್ತಿದೆ ಅಂತ ಅರ್ಥ.

ಗದಗದಿಂದ ನಿವೃತ್ತ ನೌಕರ

ಸಿಸ್ಟರ್, ಒಪ್ಪಿದೆ. ಮೊದಲೇ ಗೊತ್ತಾಗುತ್ತಿತ್ತು ಅನ್ನುವುದೂ ನಿಜ. ನಾನು ಯಾರಿಗೂ ಹೇಳಿಲ್ಲ. ಆದರೆ ಜೀಪು ಒಂದು ದವಾಖಾನೆ ಮುಂದೆ ನಿಂತರೆ ಸಾಕು, ಊರಿನ ಎಲ್ಲ ಕಡೆ ಫೋನ್ ಹೋಗಿಬಿಡುತ್ತದೆ.

ವಿದ್ಯಾನಗರದ ಓದುಗ

ಒಂದು ಪ್ರಶ್ನೆ. ತಪ್ಪು ತಿಳಿಯಬೇಡಿ. ರಿಜಿಸ್ಟರಿನಲ್ಲಿ ಹೆಸರು ಓದಿದರೆ ಏನು ತೊಂದರೆ? ತಪ್ಪು ಮಾಡದವರು ಯಾಕೆ ಹೆದರಬೇಕು? ಗರ್ಭಪಾತ ಮಾಡಿಸಿಕೊಂಡರೆ ಗಂಡನಿಗೋ ಮನೆಯವರಿಗೋ ಗೊತ್ತಿರಬೇಕಲ್ವಾ? ಗಂಡನ ಸಹಿ ಹೇಗೂ ತೆಗೆದುಕೊಳ್ಳುತ್ತಾರೆ.

ಧಾರವಾಡದ ವಕೀಲೆ

ಅಣ್ಣಾ, ನೀವು ಕೇಳಿದ್ದು ಒಳ್ಳೆಯದಾಯಿತು. ಬಹಳ ಜನ ಹೀಗೇ ತಿಳಿದಿದ್ದಾರೆ.

18 ತುಂಬಿದ ಹೆಣ್ಣುಮಗಳ ಗರ್ಭಪಾತಕ್ಕೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ, ಅತ್ತೆಯ ಸಹಿ, ಅಪ್ಪನ ಸಹಿ ಕಾನೂನು ಕೇಳುವುದಿಲ್ಲ. ಕೇಳುವ ದವಾಖಾನೆಗಳು ತಮ್ಮ ಹೆದರಿಕೆಗೆ ಕೇಳುತ್ತವೆ. 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರ ಆದರೆ ಇಬ್ಬರು ಡಾಕ್ಟರು ಬೇಕು, ಅದೂ ನಿಯಮದಲ್ಲಿ ಹೇಳಿದ ಕಾರಣಗಳಿಗೆ ಮಾತ್ರ. ಇದು 2021ರ ತಿದ್ದುಪಡಿ. 2022ರ ಸೆಪ್ಟೆಂಬರ್ 29ಕ್ಕೆ ಸುಪ್ರೀಂ ಕೋರ್ಟ್ ಮದುವೆ ಆಗದವರನ್ನೂ ಇದರಿಂದ ಹೊರಗಿಡುವಂತಿಲ್ಲ ಅಂತ ಹೇಳಿತು.

ಈಗ ರಿಜಿಸ್ಟರ್ ವಿಷಯ. ಗರ್ಭಪಾತದ ದಾಖಲೆ ಪುಸ್ತಕ ಗುಪ್ತ ದಾಖಲೆ. ನಿಯಮದಲ್ಲೇ ಹಾಗೆ ಬರೆದಿದೆ. ಒಪ್ಪಿಗೆ ಪತ್ರವನ್ನು ಲಕೋಟೆಯಲ್ಲಿ ಹಾಕಿ ಮುದ್ರೆ ಒತ್ತಿ ಇಡಬೇಕು. ಕಾನೂನಿನ ಅಧಿಕಾರ ಇದ್ದವರಿಗೆ ಬಿಟ್ಟು ಬೇರೆ ಯಾರಿಗೂ ಡಾಕ್ಟರು ಹೆಸರು ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದ ತನಕ ಜೈಲು ಇದೆ. ಅಧಿಕಾರಿ ಆ ಪುಸ್ತಕ ನೋಡಬಹುದು. ಆದರೆ ಬೆಂಚಿನಲ್ಲಿ ಕೂತ ಹನ್ನೆರಡು ಜನರಿಗೆ ಯಾವ ಅಧಿಕಾರ ಇತ್ತು?

ತಪ್ಪು ಮಾಡದವರು ಹೆದರುವುದು ಯಾಕೆ ಅಂದಿರಿ. ನನ್ನ ಕಚೇರಿಗೆ ಬಂದ ಒಬ್ಬ ಹೆಣ್ಣುಮಗಳು ಮೂರು ಹೆರಿಗೆ ಆದ ಮೇಲೆ ನಾಲ್ಕನೆಯದು ಬೇಡ ಅಂತ ಕಾನೂನು ಪ್ರಕಾರವೇ ತೆಗೆಸಿಕೊಂಡಿದ್ದಳು. ಅದು ಊರಿಗೆ ಗೊತ್ತಾಯಿತು. ಮನೆಯಿಂದ ಹೊರಗೆ ಹಾಕಿದರು. ಅವಳು ಮಾಡಿದ ತಪ್ಪು ಏನು ಹೇಳಿ. ಈ ಗುಟ್ಟು ಉಳಿಯದಿದ್ದರೆ ಹೆಣ್ಣುಮಕ್ಕಳು ಮಾನ್ಯತೆ ಇದ್ದ ದವಾಖಾನೆಗೆ ಬರುವುದೇ ಇಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗುತ್ತಾರೆ. ಆಮೇಲೆ ರಕ್ತ ಹರಿಯುತ್ತಾ ಮಧ್ಯರಾತ್ರಿ ಬರುತ್ತಾರೆ.

ವಿದ್ಯಾನಗರದ ಓದುಗ

ಗೊತ್ತಿರಲಿಲ್ಲ ಮೇಡಂ. ನನ್ನ ಹೆಂಡತಿಗೂ ಓದಿಸಿದೆ. ಧನ್ಯವಾದ.

ಹಾವೇರಿ ಜಿಲ್ಲೆಯ ಆಶಾ

ನಾನು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಡಾಕ್ಟರ್ ಮೇಡಂ ಫಾರಂ ಬಗ್ಗೆ ಬೇಸರ ಮಾಡಿಕೊಂಡಿದ್ದಾರೆ. ಅವರ ಕಷ್ಟ ನಿಜ. ಆದರೂ ಮೇಡಂ, ಫಾರಂ ಸಡಿಲ ಮಾಡಬೇಡಿ. ಎರಡು ಹೆಣ್ಣು ಮಕ್ಕಳಿದ್ದ ಮನೆಯ ಸೊಸೆ ಮೂರನೇ ಸಲ ಬಸುರಿ ಆಗಿ, ನಾಲ್ಕನೇ ತಿಂಗಳಲ್ಲಿ "ಎಲ್ಲೋ ಸಂಬಂಧಿಕರ ಊರಿಗೆ" ಹೋಗಿ ಬರಿಗೈಲಿ ಬರುವುದನ್ನು ನಾನು ನೋಡಿದ್ದೇನೆ. ನನ್ನ ಡೈರಿಯಲ್ಲಿ ಅವಳ ಹೆಸರಿನ ಮುಂದೆ "ಗರ್ಭಪಾತ" ಅಂತ ಬರೆದು ಮುಂದಿನ ಮನೆಗೆ ಹೋಗುತ್ತೇನೆ. ಆ ರಾತ್ರಿ ಊಟ ಸೇರುವುದಿಲ್ಲ.

2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನ್ ಮಷಿನ್ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿತಲ್ವಾ. ಬೆಲ್ಲ ಕಾಯಿಸುವ ಜಾಗದಲ್ಲಿ! ಅಲ್ಲಿಗೆ ಯಾವ 90 ದಿನದ ತಂಡ ಹೋಗಬೇಕು?

ನನಗೆ ಇನ್ನೊಂದು ಬೇಗುದಿ ಇದೆ. ಗರ್ಭಚೀಲ ತೆಗೆಯುವುದು. ರಾಣೆಬೆನ್ನೂರು ತಾಲೂಕಿನ ತಾಂಡಾಗಳ ಹೆಣ್ಣುಮಕ್ಕಳು ಇದಕ್ಕಾಗಿ ನ್ಯಾಯ ಕೇಳಿ ಬೀದಿಗೆ ಇಳಿದದ್ದು ನಮ್ಮ ಜಿಲ್ಲೆಗೇ ಗೊತ್ತು. ಅದು ಸರ್ಕಾರಿ ಆಸ್ಪತ್ರೆಯ ಕಥೆ. ಖಾಸಗಿಯಲ್ಲಿ ಆದರೆ ಬೀದಿಗೂ ಬರುವುದಿಲ್ಲ. ನಮ್ಮೂರಲ್ಲಿ 32 ವರ್ಷದವಳು ಬಿಳಿಸೆರಗು ಅಂತ ಹೋದಳು. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂದರಂತೆ. ಎರಡು ಎಮ್ಮೆ ಮಾರಿ ಆಪರೇಷನ್ ಮಾಡಿಸಿದರು. ಅಂಡಾಶಯವನ್ನೂ ತೆಗೆದಿದ್ದಾರೆ. ಈಗ ಮೈಯೆಲ್ಲ ಉರಿ, ಸೊಂಟ ನೋವು, ಕಳೆ ತೆಗೆಯಲು ಹೋಗಲು ಆಗುವುದಿಲ್ಲ. ಈ ದವಾಖಾನೆಗೂ ಇನ್ಸ್‌ಪೆಕ್ಷನ್ ಹೋಗಿರುತ್ತದೆ ಅಲ್ವಾ? ಒಂದು ವರ್ಷದಲ್ಲಿ 40 ಒಳಗಿನ ಎಷ್ಟು ಜನರ ಗರ್ಭಚೀಲ ತೆಗೆದಿರಿ ಅಂತ ಯಾರಾದರೂ ಕೇಳಿದರಾ?

ಧಾರವಾಡದ ವಕೀಲೆ

ಅಕ್ಕಾ, ಕೇಳಲೇಬೇಕು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆಯೇ ಆದೇಶ ಕೊಟ್ಟಿದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕು ಅಂತ. ಖಾಸಗಿ ದವಾಖಾನೆಯ ಲೆಕ್ಕವೂ ಅದರಲ್ಲಿ ಬರಬೇಕು. ನಿಮ್ಮೂರ ಹೆಣ್ಣುಮಗಳ ಡಿಸ್ಚಾರ್ಜ್ ಕಾರ್ಡ್, ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಇದ್ದರೆ ಜೋಪಾನ ಮಾಡಿ ಇಡಿಸಿ. ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು. ನಾನು ಬರೆದು ಕೊಡುತ್ತೇನೆ, ಫೀಸು ಬೇಡ.

ಗದಗದಿಂದ ನಿವೃತ್ತ ನೌಕರ

ಆಶಾ ತಂಗಿ ಕೇಳಿದ ಆಲೆಮನೆ ಪ್ರಶ್ನೆಗೆ ಒಂದು ಮಾತು. ನೋಂದಣಿ ಇಲ್ಲದ ಜಾಗ ನಮ್ಮ ಪಟ್ಟಿಯಲ್ಲೇ ಇರುವುದಿಲ್ಲ. ಆದರೆ ಮಷಿನ್ ಆಕಾಶದಿಂದ ಬೀಳುವುದಿಲ್ಲ. ನೋಂದಣಿ ಇಲ್ಲದವರಿಗೆ ಯಾರೂ ಅದನ್ನು ಮಾರುವಂತಿಲ್ಲ. ಮಾರುವವರು ಮೂರು ತಿಂಗಳಿಗೊಮ್ಮೆ ಯಾರಿಗೆ ಮಾರಿದೆವು ಅಂತ ಪಟ್ಟಿ ಕೊಡಬೇಕು. ಹಳೇ ಮಷಿನ್ ಕೈ ಬದಲಾಗುವಾಗಲೇ ತಪ್ಪಿಸಿಕೊಳ್ಳುವ ಭಯ. ಅದಕ್ಕೇ ಆ ನಂಬರ್ ತಾಳೆ ನೋಡುವುದು. ಶಿಕ್ಷಕಿ ತಂಗಿ, ಅವರು ನೋಡಲು ಬಂದಿದ್ದು ದೊಡ್ಡ ವಿಷಯವೇ. ನೋಡಿದ ರೀತಿ ಕೆಟ್ಟದು.

ಬ್ಯಾಡಗಿ ಕಡೆಯ ಡಾಕ್ಟರ್

ಆಶಾ ಅಕ್ಕನ ಮಾತು ತಟ್ಟಿತು. ಫಾರಂ ಸಡಿಲ ಮಾಡಿ ಅಂತ ಇನ್ನು ಕೇಳುವುದಿಲ್ಲ. ಶೆಡ್ಡಿನ ಹೆಣ್ಣುಮಕ್ಕಳ ವಿಳಾಸ ಹೇಗೆ ಬರೆಯಬೇಕು ಅಂತ ನಮ್ಮ ಪ್ರಾಧಿಕಾರಕ್ಕೆ ಬರೆದು, ಉತ್ತರವನ್ನೂ ಬರವಣಿಗೆಯಲ್ಲೇ ಕೇಳುತ್ತೇನೆ. ಇದನ್ನು ನಾನು ಮೊದಲೇ ಮಾಡಬೇಕಿತ್ತು.

ಸ್ಕ್ಯಾನ್ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. "ಒಳಗೆ ರೋಗಿ ಇದ್ದಾರೆ. ಯಾರೇ ಬಂದರೂ ಕಾಯಿರಿ" ಅಂತ ಬೋರ್ಡ್ ಬರೆಸಿದ್ದೇನೆ. ಮಷಿನ್ ನಂಬರಿನ ಫೋಟೋ ತೆಗೆದು ಫೈಲಿನ ಮೊದಲ ಹಾಳೆಗೆ ಅಂಟಿಸಿದ್ದೇನೆ. ಫೋಟೋ ನೋಡಿ, ಕೋಣೆ ಖಾಲಿ ಆದ ಮೇಲೆ ಮಷಿನ್ ನೋಡಿ ಅನ್ನುತ್ತೇನೆ.

ಕುಂದಗೋಳದ ಅವ್ವ

ನನ್ನ ಮೊಮ್ಮಗಳ ಹೆರಿಗೆಯಲ್ಲಿ ಮಾಸು ಮನೆಗೆ ಕೊಡಿ, ಹುಗಿಯುತ್ತೇವೆ ಅಂದಿದ್ದಕ್ಕೆ ಕೊಡಲಿಲ್ಲ. ನಾನು ಸಿಟ್ಟು ಮಾಡಿದ್ದೆ. ಅದು ಹಳದಿ ಚೀಲಕ್ಕೇ ಹೋಗಬೇಕು ಅಂತ ಸಿಸ್ಟರ್ ಬಿಡಿಸಿ ಹೇಳಿದಳು. ಇಲ್ಲಿ ಓದಿದಾಗ ಅವಳು ಹೇಳಿದ್ದು ಖರೆ ಅಂತ ತಿಳಿಯಿತು.

ನವನಗರದ ಶಿಕ್ಷಕಿ

ನೀವೆಲ್ಲ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ಸಲ ಓದಿದೆ. ವಕೀಲೆ ಅಕ್ಕನಿಗೆ ಫೋನ್ ಮಾಡಿ ಮಾತಾಡಿದೆ.

ನಿನ್ನೆ ಮಧ್ಯಾಹ್ನದ ಮೇಲೆ ರಜೆ ಹಾಕಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಡಿಎಚ್ಓ ಕಚೇರಿಯಲ್ಲಿ ಎರಡು ಕಾಗದ ಕೊಟ್ಟೆ. ಒಂದು ಮನವಿ. ಅದರಲ್ಲಿ ದವಾಖಾನೆ ಹೆಸರು ಬರೆದಿಲ್ಲ, ಬಂದ ಅಧಿಕಾರಿಗಳ ಹೆಸರನ್ನೂ ಬರೆದಿಲ್ಲ. ನನಗೆ ಯಾರ ಮೇಲೂ ಕ್ರಮ ಬೇಡ. ರೋಗಿ ಮಲಗಿರುವ ಕೋಣೆಗೆ ತಪಾಸಣೆ ತಂಡ ಹೋಗಬಾರದು, ಹೋಗಲೇಬೇಕಾದರೆ ಹೆಣ್ಣು ಅಧಿಕಾರಿ ಮಾತ್ರ ರೋಗಿಯನ್ನು ಕೇಳಿ ಹೋಗಬೇಕು, ರಿಜಿಸ್ಟರನ್ನು ಬಾಗಿಲು ಹಾಕಿದ ಕೋಣೆಯಲ್ಲಿ ನೋಡಬೇಕು ಅಂತ ಬರೆದೆ. ಗಂಡು ಡಾಕ್ಟರು ಹೆಣ್ಣು ರೋಗಿಯನ್ನು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಣ್ಣುಮಗಳು ಜೊತೆಗಿರಬೇಕು ಅಂತ ರೋಗಿಗಳ ಹಕ್ಕಿನ ಪಟ್ಟಿಯಲ್ಲಿ ಇದೆಯಂತೆ. ಡಾಕ್ಟರಿಗೇ ಆ ಕಟ್ಟಳೆ ಇದ್ದ ಮೇಲೆ ಫೈಲು ಹಿಡಿದವರಿಗೆ ಇರಬೇಡವಾ? ಅದನ್ನೂ ಸೇರಿಸಿದೆ. ಸಿಸ್ಟರ್ ಹೇಳಿದ ರಾತ್ರಿ ತಪಾಸಣೆ, ಫ್ರಿಜ್ಜು, ಆಕ್ಸಿಜನ್ ಗೇಜು, ಆಶಾ ಅಕ್ಕ ಕೇಳಿದ ಗರ್ಭಚೀಲದ ಲೆಕ್ಕ, ಎಲ್ಲ ಬರೆದೆ. ನಾಲ್ಕು ಪುಟ ಆಯಿತು.

ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಫೀಸು. ನನ್ನ ತಂಗಿಗೆ ಹೆರಿಗೆ ಆದ ಆ ನರ್ಸಿಂಗ್ ಹೋಮಿನ ಕಳೆದ ಎಲ್ಲ ತಪಾಸಣೆ ವರದಿಗಳನ್ನು ಕೇಳಿದ್ದೇನೆ, ರೋಗಿಗಳ ಹೆಸರು ಅಳಿಸಿ ಕೊಡಿ ಅಂತ. 30 ದಿನದಲ್ಲಿ ಉತ್ತರ ಕೊಡಬೇಕು.

ಕಾಗದ ತೆಗೆದುಕೊಂಡ ಹೆಣ್ಣುಮಗಳು ಮನವಿಯ ಮೊದಲ ಪುಟ ನಿಂತೇ ಓದಿದರು. ಆಮೇಲೆ ಕುರ್ಚಿ ಎಳೆದು ಕೂಡ್ರಿ ಅಂದರು. ನೀರು ಕೊಟ್ಟರು. ಸೀಲು ಹಾಕಿ ನನ್ನ ಪ್ರತಿ ವಾಪಸ್ ಕೊಡುವಾಗ, "ನನಗೂ ಗಡ್ಡೆ ಇತ್ತು ರೀ" ಅಂದರು.

ಮುಂದಿನ ತಿಂಗಳು ನನ್ನ ಸ್ಕ್ಯಾನ್ ಮತ್ತೆ ಇದೆ. ಅವತ್ತು ಅರ್ಧಕ್ಕೇ ನಿಂತಿತ್ತಲ್ಲ. ಅದೇ ದವಾಖಾನೆಗೆ ಹೋಗುತ್ತೇನೆ. ಅರ್ಜಿಗೆ ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ.